ಎಂಜಲು ವಾದ್ಯದಲ್ಲಿ ತೋಡಿ

ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ನನ್ನ ಮೌತ್ ಆರ್ಗನ್‌ಗೆ ಬಂದಿರಲಿಲ್ಲ. ಅದರ ಜಾಗ ಹೊರಗಡೆ, ಚಪ್ಪಲಿಗಳ ಪಕ್ಕ. ಬಾಯಿಗೆ ಕಚ್ಚಿಕೊಂಡು ನುಡಿಸುವ ಎಂಜಲು ವಾದ್ಯ, ತಂಬೂರಿ ಇರುವ ನಡುಮನೆಗೆ ಬರಕೂಡದು ಎಂದು ಅಣ್ಣನ ಕಟ್ಟಪ್ಪಣೆ. ಅಪ್ಪನನ್ನು ನಾವು ಅಣ್ಣ ಎಂದೇ ಕರೆಯುತ್ತಿದ್ದೆವು. ಕೊಳಲನ್ನೂ ಬಾಯಿಗೇ ಅಲ್ಲವೇ ಇಡುವುದು ಎಂದು ಕೇಳಿದೆ. "ಕೊಳಲು ದೇವರು ಊದಿದ್ದು ಕಣೇ" ಎಂದರು. ದೇವರ ಬಾಯಿಗೆ ಎಂಜಲಿಲ್ಲ, ನನ್ನ ಬಾಯಿಗೆ ಮಾತ್ರ ಇದೆ!

ಅಣ್ಣ ಅಗ್ರಹಾರದ ಮಕ್ಕಳಿಗೆಲ್ಲ ಸಂಗೀತ ಹೇಳಿಕೊಡುತ್ತಿದ್ದವರು. ನಾನು ಹೈಸ್ಕೂಲಿನಲ್ಲಿದ್ದಾಗ ಟೈಫಾಯ್ಡ್ ಬಂದು, ಎದ್ದ ಮೇಲೆ ಗಂಟಲು ಒರಟಾಗಿ ಉಳಿಯಿತು. "ಇನ್ನು ನಿನಗೆ ಶಾರೀರ ಇಲ್ಲ, ಸುಮ್ನೆ ಯಾಕೆ ಒದ್ದಾಡ್ತೀಯ" ಎಂದು ಪಾಠದ ಚಾಪೆಯಿಂದ ಎಬ್ಬಿಸಿಬಿಟ್ಟರು. ಊರ ಮಕ್ಕಳಿಗೆ ಪಾಠ, ಸ್ವಂತ ಮಗಳಿಗೆ ಅಡುಗೆಮನೆ. ನನಗೆ ಮೈಯೆಲ್ಲ ಉರಿದುಹೋಯಿತು. ಅದೇ ಬೇಸಿಗೆಯಲ್ಲಿ ಮಿಲಿಟರಿಯಲ್ಲಿದ್ದ ಸೋದರಮಾವ ರಜೆಗೆ ಬಂದು ಈ ಮೌತ್ ಆರ್ಗನ್ ಕೈಗಿಟ್ಟು ಹೋದರು.

ಜಗಲಿಯಲ್ಲಿ ಕೂತು ಊದಿದೆ. ಸ್ವರಗಳೇನೋ ಬಂದವು, ಆದರೆ ಗೂಟ ಹೊಡೆದ ಹಾಗೆ ನಿಂತಲ್ಲೇ ನಿಲ್ಲುತ್ತಿದ್ದವು. ಒಳಗಿನಿಂದ ಅಣ್ಣ ನಕ್ಕರು.

"ಗಮಕ ಬರದ ಡಬ್ಬ ಅದು. ತೋಡಿಯ ಗಾಂಧಾರ ಅದರಲ್ಲಿ ಓಲಾಡಿಸು ನೋಡೋಣ. ಆವತ್ತು ಚಾಪೆಗೆ ಬಾ."

ಅವರಿಗೆ ಅದು ತಮಾಷೆ, ನನಗಲ್ಲ. ತೋಡಿ ರಾಗದ ಗಾಂಧಾರ ಕೆಳಕ್ಕೆ ಜಾರಿ ಮತ್ತೆ ಏರಬೇಕು. ನಿಂತಲ್ಲೇ ನಿಂತರೆ ಅದು ತೋಡಿಯೇ ಅಲ್ಲ. ಸ್ವರ ಬಗ್ಗಲೆಂದು ಜೋರಾಗಿ ಊದಿದೆ, ಇನ್ನೂ ಜೋರಾಗಿ ಊದಿದೆ. ಹಾಡುವವರ ಮನೆಯವಳಲ್ಲವೇ? ಉಸಿರು ಹೊರಗೆ ಹೋಗುವಾಗಲೇ ನಾದ, ಒಳಗೆಳೆಯುವುದು ಬರೀ ವಿಶ್ರಾಂತಿ ಎಂದು ಚಿಕ್ಕಂದಿನಿಂದ ತಲೆಗೆ ತುಂಬಿದ್ದರು. ಕೆನ್ನೆ ನೋವು ಬಂತೇ ಹೊರತು ಸ್ವರ ಜಗ್ಗಲಿಲ್ಲ. ಬೀದಿಯವರು ಕಿವಿ ಮುಚ್ಚಿಕೊಂಡರು. ಮುಚ್ಚಿಕೊಳ್ಳಲಿ.

ದಾರಿ ಸಿಕ್ಕಿದ್ದು ಅಗ್ರಹಾರದಾಚೆಯ ಬಡಾವಣೆ ನಜರ್‌ಬಾದಿನಲ್ಲಿ, ಗೆಳತಿಯೊಬ್ಬಳ ಮನೆಯಲ್ಲಿ. ಹಳ್ಳಿಯಿಂದ ಬಂದು ನೆಲೆಸಿದ ಒಕ್ಕಲು ಮನೆತನ. ಅಂಥ ಮನೆಯಲ್ಲಿ ನೀರೂ ಮುಟ್ಟಬಾರದೆಂಬುದು ನಮ್ಮವರ ಕಟ್ಟಳೆ. ಅದಕ್ಕೇ ಕಾಫಿ ಕೊಟ್ಟಾಗ ಬೇಕೆಂದೇ ತೆಗೆದುಕೊಂಡೆ. ಆದರೂ ಅಭ್ಯಾಸ ಬಿಡಬೇಕಲ್ಲ. ಲೋಟ ತುಟಿಗೆ ತಗಲದಂತೆ ಎತ್ತಿ ಸುರಿದುಕೊಳ್ಳಲು ಹೋದೆ. ಗೆಳತಿಯ ತಾಯಿ ನಕ್ಕುಬಿಟ್ಟರು.

"ಅದ್ಯಾಕವ್ವ ಅಂಗೆ ಕತ್ತೆತ್ಕೊಂಡು ಕುಡೀತೀಯ? ಗಂಟ್ಲು ಸುಟ್ಕೊಂಡ್ಬುಟ್ಟೀಯ. ಕಚ್ಕೊಂಡು ಕುಡಿ ಕಣವ್ವ."

ಹುಟ್ಟಿದಾಗಿನಿಂದ ನಾನು ಲೋಟ ಕಚ್ಚಿ ಕುಡಿದವಳಲ್ಲ. ತುಟಿಯಿಟ್ಟು ಸುರ್ರೆಂದು ಹೀರಿದೆ. ಬಿಸಿ ತಾಗದಿರಲೆಂದು ನಾಲಿಗೆ ತಾನೇ ಹಿಂದಕ್ಕೆ ಸರಿಯಿತು, ದವಡೆ ಇಳಿಯಿತು, ಒಳಹೋಗುವ ಗಾಳಿಯ ಸದ್ದೂ ಇಳಿಯಿತು. ಅರೆ! ಲೋಟ ಕೆಳಗಿಟ್ಟು ಚೀಲದಿಂದ ಮೌತ್ ಆರ್ಗನ್ ತೆಗೆದೆ. ಊದಲಿಲ್ಲ, ಬಿಸಿ ಕಾಫಿಯೆಂದೇ ತಿಳಿದು ಹೀರಿದೆ. ಮೂರನೆಯ ತೂತಿನ ಸ್ವರ ನರಳಿ, ಬಗ್ಗಿ, ಕೆಳಗಿಳಿಯಿತು. "ಯಾರೋ ಅತ್ತಂಗಾಯ್ತಲ್ಲ" ಎಂದರು ಆಕೆ. ನನಗೆ ಕುಣಿಯುವಷ್ಟು ಸಂತೋಷ.

ಅಂದಿನಿಂದ ಮನೆಯಲ್ಲೂ ಕಚ್ಚಿಯೇ ಕುಡಿದೆ. ನನ್ನ ಲೋಟವನ್ನು ಬೇರೆ ಇಟ್ಟರು. ಇಡಿ ಎಂದೆ. ಹೀರುತ್ತ ಹೀರುತ್ತ, ಇಳಿದ ಸ್ವರವನ್ನು ಹಿಡಿದು ನಿಲ್ಲಿಸುವುದನ್ನೂ ಮತ್ತೆ ಏರಿಸುವುದನ್ನೂ ಕಲಿತೆ.

ಒಂದು ಸಂಜೆ ಪಾಠ ನಡೆಯುತ್ತಿರುವಾಗಲೇ ಹೊಸ್ತಿಲಾಚೆ ನಿಂತು ತೋಡಿ ನುಡಿಸಿದೆ. ಗಾಂಧಾರ ಜಾರಿತು, ಏರಿತು, ಮತ್ತೆ ಜಾರಿತು. ಮಕ್ಕಳು ಹಾಡುವುದನ್ನು ನಿಲ್ಲಿಸಿ ಅಣ್ಣನ ಮುಖ ನೋಡಿದರು. ಅಣ್ಣ ಶಿಷ್ಯರಿಗೆ ಹೇಳುವ ಅದೇ ಗಡಸು ದನಿಯಲ್ಲಿ, "ಗಾಂಧಾರ ಇನ್ನೊಂದು ಕೂದಲೆಳೆಯಷ್ಟು ಕೆಳಗೆ ಬರ್ಬೇಕು" ಎಂದರು.

ಜ್ವರ ಬಂದ ಮೇಲೆ ಅಣ್ಣ ನನ್ನ ಸ್ವರ ತಿದ್ದಿದ್ದು ಅದೇ ಮೊದಲು. ಕಣ್ಣು ತುಂಬಿತು, ಆದರೆ ತೋರಿಸಿಕೊಳ್ಳುವ ಹುಡುಗಿ ನಾನಲ್ಲ.

"ತರ್ತೀನಿ ಅಣ್ಣ. ಒಳಗೆ ಕೂತ್ಕೊಂಡು ತರ್ತೀನಿ" ಎಂದೆ.

ಮೌತ್ ಆರ್ಗನ್ ಕೈಯಲ್ಲಿ ಹಿಡಿದೇ ಹೊಸ್ತಿಲು ದಾಟಿ, ತಂಬೂರಿಯ ಪಕ್ಕ, ಚಾಪೆಯ ಮೇಲೆ ಹೋಗಿ ಕುಳಿತೆ. ಯಾರೂ ಎಬ್ಬಿಸಲಿಲ್ಲ.