ಹೂಂ ಅನ್ನದ ಜ್ಞಾನತಾಯಿ

ಚಿಂತಾಮಣಿಯಲ್ಲಿರುವ ನನ್ನ ತಂಗಿಗೆ ಮದುವೆಯಾಗಿ ಬಹಳ ವರ್ಷಗಳ ಮೇಲೆ ಹೆಣ್ಣುಮಗುವಾಯಿತು. ಚರ್ಚಿನಲ್ಲಿ ಮಗುವಿನ ತಲೆಗೆ ನೀರೆರೆಯುವ ಜ್ಞಾನಸ್ನಾನದ ದಿನ ಅದನ್ನು ಎತ್ತಿಕೊಂಡು ನಿಲ್ಲುವ ಜ್ಞಾನತಾಯಿ ನಾನೇ ಎಂದು ಬಸುರಿಯಾಗಿದ್ದಾಗಲೇ ಫೋನಿನಲ್ಲಿ ಹೇಳಿಬಿಟ್ಟಿದ್ದಳು. ನನಗೆ ಮಕ್ಕಳಿಲ್ಲ. ಅವಳ ಮಾತು ಕೇಳಿ ಬಸ್‌ಸ್ಟ್ಯಾಂಡಿನಲ್ಲೇ ಅತ್ತಿದ್ದೆ.

ಹಿಂದಿನ ದಿನ ಸಂಜೆ ಹೆತ್ತವರನ್ನೂ ಜ್ಞಾನತಂದೆ, ಜ್ಞಾನತಾಯಿಯರನ್ನೂ ಫಾದರ್ ಕೂರಿಸಿಕೊಂಡು ಮಾತಾಡುವುದು ವಾಡಿಕೆ. ನಂಬಿಕೆ ಇದೆಯಾ, ಪೂಜೆಗೆ ಬರ್ತೀರಾ ಎಂದು ಕೇಳುತ್ತಾರೆ, ಎಲ್ಲರೂ ಹೂಂ ಅನ್ನುತ್ತಾರೆ, ಟೀ ಕುಡಿದು ಏಳುತ್ತಾರೆ. ನನ್ನ ಸರದಿ ಬಂದಾಗ, "ದೇವರು ಇದಾನೋ ಇಲ್ವೋ ನಂಗೆ ಗೊತ್ತಿಲ್ಲ ಫಾದರ್. ಆದ್ರೆ ಮಗೂನ ಚೆನ್ನಾಗಿ ನೋಡ್ಕೋತೀನಿ," ಎಂದೆ. ಅಷ್ಟು ಒಳ್ಳೆಯ ಕೆಲಸವನ್ನು ಸುಳ್ಳಿನಿಂದ ಶುರುಮಾಡಬಾರದು ಅನ್ನಿಸಿತ್ತು, ನನ್ನ ಕರ್ಮ.

"ಹಂಗಾದ್ರೆ ನಾಳೆ ನೀವು ಬೇಡಮ್ಮ," ಎಂದರು ಫಾದರ್, ಮೆತ್ತಗೆ. ನನ್ನ ಜಾಗಕ್ಕೆ ತಂಗಿಯ ನಾದಿನಿ ಬಂದಳು. ಕ್ರಿಸ್ಮಸ್ ಬಿಟ್ಟರೆ ಚರ್ಚಿನ ಮೆಟ್ಟಿಲು ಹತ್ತದವಳು. ಕೇಳಿದ್ದಕ್ಕೆಲ್ಲ ಹೂಂ ಅಂದಳು, ಮುಗಿಯಿತು.

ಹೊರಗೆ ಕಾಯುತ್ತಿದ್ದ ಅಮ್ಮ ವಿಷಯ ಕೇಳಿ, "ಹೂಂ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತೇ?" ಎಂದು ಉರಿದುಬಿದ್ದಳು.

ನನಗೂ ಮೈ ಉರಿಯುತ್ತಿತ್ತು. ಕಳೆದ ವರ್ಷ ಚಿಕ್ಕಬಳ್ಳಾಪುರದಲ್ಲಿ ಬಾಡಿಗೆ ಮನೆ ನೋಡಲು ಹೋದಾಗ, "ನೀವು ಯಾವ ಜನ?" ಎಂದು ಓನರ್ ಕೇಳಿದ್ದರು. ಕ್ಯಾಥೊಲಿಕ್ ಎಂದೆ. ಆ ಗಳಿಗೆಯಲ್ಲೇ ಮನೆ ಅವರ ಅಳಿಯನಿಗೆ ಬೇಕಾಗಿಬಿಟ್ಟಿತು. ದೇವರನ್ನು ನಂಬ್ತೀಯಾ ಎಂದು ಅಲ್ಲಿ ಯಾರೂ ವಿಚಾರಿಸಲಿಲ್ಲ. ಬಾಡಿಗೆ ಮನೆ ಕೈತಪ್ಪುವಷ್ಟು ಕ್ಯಾಥೊಲಿಕ್ ನಾನು. ತಂಗಿಯ ಮಗುವನ್ನು ಎತ್ತಿಕೊಳ್ಳುವಷ್ಟು ಅಲ್ಲ. ಥೂ ಅನ್ನಿಸಿತು.

ಮರುದಿನ ಹಿಂದಿನ ಬೆಂಚಿನಲ್ಲಿ ಅಮ್ಮನ ಪಕ್ಕ ಕೂತಿದ್ದೆ. ತಲೆಗೆ ನೀರು ಬೀಳುತ್ತಲೇ ಮಗು ನಾದಿನಿಯ ಕೈಯಲ್ಲಿ ಕಿರುಚಿಕೊಂಡಿತು. ತಡೆಯಲಾರದೆ ಎದ್ದೆ. ಅಮ್ಮ ಸೆರಗು ಹಿಡಿದು ಜಗ್ಗಿ ಕೂರಿಸಿದಳು.

ಮನೆಯಲ್ಲಿ ಬಿರಿಯಾನಿ ಬಡಿಸುವ ಹೊತ್ತಿಗೆ ಒಳಕೋಣೆಗೆ ಹೋದೆ. ತಂಗಿ ಮಗುವಿಗೆ ಹಾಲೂಡಿಸುತ್ತಿದ್ದಳು. "ನಂಗೆ ಗೊತ್ತಿಲ್ಲ ಕಣೇ, ಅದನ್ನೇ ಹೇಳಿದೆ. ತಪ್ಪೇನಿದೆ?" ಎಂದೆ.

ಅವಳು ತಲೆಯೆತ್ತಲಿಲ್ಲ.

"ನಂಗೇನು ಗೊತ್ತಾ ಅಕ್ಕಾ? ಇವಳಿಗೋಸ್ಕರ ಹೂಂ ಅಂದೆ."

ಹಾಲು ಕುಡಿಸಿ ಮುಗಿಸಿದವಳು ಮಗುವನ್ನು ನನ್ನ ಕೈಗೆ ಕೊಡದೆ ತನ್ನ ಹೆಗಲಿಗೇ ಹಾಕಿಕೊಂಡು ಹೊರಗೆ ಹೋದಳು.