ತೆಳು ಗೋಡೆ

ತವರೂರು ಹನ್ನೂರಿನಲ್ಲಿ ಬಾಣಂತನ ಮುಗಿಸಿ ನಾನು ಸೊಲ್ಲಾಪುರಕ್ಕೆ ಮರಳಿದ ವಾರವೇ ಗಂಡ ಎರಡು ಮನೆ ತೋರಿಸಲು ಕರೆದುಕೊಂಡು ಹೋದರು. ಅಕ್ಕಲಕೋಟೆ ರಸ್ತೆಯ ಒಂದೇ ಬಡಾವಣೆಯಲ್ಲಿ ಒಂದು ಬಿಡಿ ಬಂಗಲೆ, ಇನ್ನೊಂದು ಎರಡೂ ಬದಿಗೆ ಮನೆಗಳು ಅಂಟಿಕೊಂಡಿದ್ದ ರೋ ಹೌಸ್. ಹೆರಿಗೆಯಾದಾಗಿನಿಂದ ನನಗೆ ಯಾವುದೂ ಬೇಕೆನಿಸುತ್ತಿರಲಿಲ್ಲ, ಬೇಡವೆಂದೂ ಅನಿಸುತ್ತಿರಲಿಲ್ಲ. ಯಾರು ಏನು ಕೇಳಿದರೂ ಹೂಂ ಎನ್ನುತ್ತಿದ್ದೆ.

ಬಂಗಲೆಯ ನಾಲ್ಕೂ ಕಡೆ ಖಾಲಿ ಜಾಗವಿತ್ತು. ಗಂಡ ನೀರಿನ ಟಾಕಿ ನೋಡಲು ಮಾಳಿಗೆ ಹತ್ತಿದರು. ಕೌದಿಯ ಮೇಲೆ ಮಲಗಿಸಿದ್ದ ಮಗಳು ಅಳತೊಡಗಿದಳು. ನಾನು ಪಕ್ಕದಲ್ಲೇ ಕೂತು ನೆಲದ ಫರಸಿ ಕಲ್ಲುಗಳ ಗೆರೆಗಳನ್ನು ನೋಡುತ್ತಿದ್ದೆ. ಅತ್ತು ಅತ್ತು ಅವಳೇ ಸುಮ್ಮನಾದಳು.

ಕೆಳಗಿಳಿದು ಬಂದ ಗಂಡ, "ಎಷ್ಟ್ ಶಾಂತ ಐತಿ ನೋಡು," ಎಂದರು.

ರೋ ಹೌಸಿನಲ್ಲೂ ಅವರು ಮಾಳಿಗೆಗೆ ಹೋದರು. ಮಗಳು ಮತ್ತೆ ಅತ್ತಳು. ನನ್ನ ಕೈ ಮತ್ತೆ ಏಳಲಿಲ್ಲ. ಆಗ ಪಕ್ಕದ ಮನೆಯ ಹೆಂಗಸೊಬ್ಬಳು ಆಚೆಯಿಂದ ಗೋಡೆ ಬಡಿದಳು.

"ಯಾರ್ರೀ ಅಲ್ಲಿ? ಕೂಸು ಆಗಿಂದ ಅಳಾಕತ್ತೈತಿ, ಎತ್ಕೋರಿ!"

ಬೈಯುವ ದನಿಯೇ ಅದು. ನಾನು ಎತ್ತಿಕೊಂಡೆ.

ಗಂಡ ಮೆಟ್ಟಿಲಿಳಿಯುತ್ತಲೇ ಮುಖ ಸಿಂಡರಿಸಿದರು. "ಇದು ಬ್ಯಾಡ. ಗೋಡಿ ಭಾಳ ತೆಳು ಐತಿ. ಬಾಜೂ ಮನಿ ಶೇಜಾರದವ್ರಿಗೆ ಎಲ್ಲಾ ಕೇಳಸ್ತೈತಿ."

"ಇದನ್ನ ತಗೊಳ್ಳೂಣ್ರಿ," ಎಂದೆ.

ಎಷ್ಟೋ ದಿನಗಳ ಮೇಲೆ ನಾನಾಗಿ ಏನನ್ನೋ ಕೇಳಿದ್ದೆ. ಅವರು ಯಾಕೆಂದರು. ಅಡುಗೆಮನೆ ದೊಡ್ಡದಿದೆ ಎಂದೆ. ಅಡುಗೆಮನೆಯನ್ನು ನಾನಿನ್ನೂ ನೋಡಿರಲೇ ಇಲ್ಲ.