ಮಾಸ್ಟ್ರ ರಗ್ಬಿ ಆಟಗಾರ

ಉರ್ವದಲ್ಲಿ ನಮ್ಮ ನೆರೆಮನೆಯ ನಿವೃತ್ತ ಪಿ.ಟಿ. ಮಾಸ್ಟ್ರು ಒಮ್ಮೆಯೂ ರಗ್ಬಿ ಆಡಿದವರಲ್ಲ. ಆದರೆ ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಉತ್ತರ ಇಂಗ್ಲೆಂಡಿನಲ್ಲಿ ರಗ್ಬಿ ಆಡುತ್ತಿದ್ದ ಒಬ್ಬ ಗಣಿ ಕಾರ್ಮಿಕನ ಜೀವನಚರಿತ್ರೆ ಅವರಿಗೆ ಬಾಯಿಪಾಠವಾಗಿತ್ತು. "ಎಂತ ಜನ ಮಾರಾಯ!" ಎಂದು ತೊಡೆ ತಟ್ಟಿಯೇ ಶುರು ಮಾಡುತ್ತಿದ್ದರು.

ಒಂದು ಸಂಜೆ, ಅವನು ಎದುರಾಳಿಗಳನ್ನು ದೂಡುತ್ತಿದ್ದ ಬಗೆಯನ್ನು ನನಗೆ ತೋರಿಸಲು ಕಬ್ಬಿಣದ ಕಪಾಟಿಗೆ ಬಲ ಹೆಗಲು ಕೊಟ್ಟರು. ಕಪಾಟು ಅಲುಗಲಿಲ್ಲ, ಹೆಗಲಿನ ಎಲುಬು ಮುರಿಯಿತು.

ಫಳ್ನೀರಿನ ಡಾಕ್ಟರು ಆರು ವಾರ ವಿಶ್ರಾಂತಿ ಹೇಳಿದರು.

"ಅವನು ಶನಿವಾರದ ಆಟದಲ್ಲಿ ಎಲುಬು ಮುರಿದರೂ ಸೋಮವಾರ ಗಣಿಗೆ ಇಳಿದಿದ್ದಾನೆ ಡಾಕ್ಟ್ರೇ," ಎಂದರು ಮಾಸ್ಟ್ರು.

ಪಕ್ಕದಲ್ಲಿ ಕುಳಿತಿದ್ದ ಅವರ ಹೆಂಡತಿ ಕೇಳಿದರು: "ಆಗ ಅವನ ಹೆಂಡತಿ ಎಂತ ಹೇಳಿದಳು? ಅದು ಪುಸ್ತಕದಲ್ಲಿ ಉಂಟಾ?"

ಮರುದಿನ ನಾನು ನೋಡಲು ಹೋದಾಗ, ಮಾಸ್ಟ್ರು ಎಡಗೈಯಲ್ಲಿ ಆ ಪುಸ್ತಕದ ಪುಟ ಮಗುಚುತ್ತ ಗಣಿ ಕಾರ್ಮಿಕನ ಹೆಂಡತಿಯನ್ನು ಹುಡುಕುತ್ತಿದ್ದರು.